ಪಿಯುಸಿ ಆರ್ಟ್ಸ್ ಆದ ತಂಗಿನ ಆರು ತಿಂಗಳ ನರ್ಸಿಂಗ್ ಕೋರ್ಸ್‌ಗೆ ಸೇರಿಸ್ಬಹುದಾ ಅಂತ ಕೇಳಿದ್ದಕ್ಕೆ

ದಯವಿಟ್ಟು ಆ ಕೋರ್ಸ್‌ಗೆ ಅಡ್ವಾನ್ಸ್ ಕಟ್ಬೇಡಿ ಸರ್. ಆರು ತಿಂಗಳ ಸರ್ಟಿಫಿಕೇಟ್ ಇಟ್ಕೊಂಡು ಯಾರೂ ನರ್ಸ್ ಆಗಲ್ಲ, ನರ್ಸಿಂಗ್ ಕೌನ್ಸಿಲಲ್ಲಿ ರಿಜಿಸ್ಟ್ರೇಷನ್ ಆಗ್ಬೇಕು ಅಂದ್ರೆ ಎಎನ್ಎಂ (ಸಹಾಯಕ ನರ್ಸ್ ಮತ್ತು ಹೆರಿಗೆ ಆರೈಕೆ ಕೋರ್ಸ್, 2 ವರ್ಷ), ಜಿಎನ್ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ, 3 ವರ್ಷ) ಇಲ್ಲಾ ಬಿಎಸ್ಸಿ ನರ್ಸಿಂಗ್ (4 ವರ್ಷ) ಓದಿರ್ಬೇಕು, ಅದ್ರಲ್ಲೂ ಜಿಎನ್ಎಂ ಇಲ್ಲಾ ಬಿಎಸ್ಸಿ ಇಲ್ದೇ ಸ್ಟಾಫ್ ನರ್ಸ್ ಪೋಸ್ಟ್‌ಗೆ ಅರ್ಜಿನೇ ಹಾಕಕ್ಕಾಗಲ್ಲ.

ಆರ್ಟ್ಸ್ ಅಂತ ಹೆದರ್ಬೇಡಿ. ಬಿಎಸ್ಸಿಗೆ ಸೈನ್ಸ್ ಬೇಕು ನಿಜ, ಆದ್ರೆ ಜಿಎನ್ಎಂಗೆ ಆರ್ಟ್ಸ್, ಕಾಮರ್ಸ್ ಎಲ್ಲಾ ನಡಿಯತ್ತೆ, ಇಂಗ್ಲಿಷ್ ಓದಿರ್ಬೇಕು, ನಿಗದಿ ಮಾಡಿರೋ ಕನಿಷ್ಠ ಅಂಕ ಬಂದಿರ್ಬೇಕು, ಜಿಎನ್ಎಂ ಮುಗಿಸಿ ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿನೂ ಮಾಡ್ಬಹುದು. ಲ್ಯಾಬ್ ಕೆಲಸ ಇಷ್ಟ ಇದ್ರೆ ಪ್ಯಾರಾ ಮೆಡಿಕಲ್ ಬೋರ್ಡ್‌ನ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಇದೆ, ಸೈನ್ಸ್‌ನವ್ರಿಗೆ 2 ವರ್ಷ, ಎಸ್ಸೆಸ್ಸೆಲ್ಸಿ ಮೇಲೆ ಸೇರಿದ್ರೆ 3.

ಮನೇಲಿ ಈಗ್ಲೇ ಸಂಬಳ ಬೇಕೇಬೇಕು ಅನ್ನೋ ಪರಿಸ್ಥಿತಿ ಇದ್ರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಟ್ರೈನಿಂಗ್ ನೋಡಿ, ಕೆಲವೇ ತಿಂಗಳದ್ದು, ಸರ್ಕಾರದ ಕೌಶಲ ಯೋಜನೆಗಳಲ್ಲಿ ಫ್ರೀಯಾಗೂ ಸಿಗತ್ತೆ. ರೋಗಿಗೆ ಸ್ಪಂಜ್ ಬಾತ್ ಮಾಡ್ಸೋದು, ಊಟ ಮಾಡ್ಸೋದು, ಬೆಡ್‌ಪ್ಯಾನ್ ಇಡೋದು, ಮಗ್ಗುಲು ಬದಲಾಯಿಸೋದು ಇವೆಲ್ಲಾ ಅದ್ರಲ್ಲಿ ಬರತ್ತೆ, ಇಂಜೆಕ್ಷನ್ ಕೊಡೋ ಕೆಲಸ ಅಲ್ಲ. ಮಲಗಿದಲ್ಲೇ ಇರೋರಿಗೆ ಬೆನ್ನಲ್ಲಿ ಹುಣ್ಣಾಗದಂಗೆ ನೋಡ್ಕೊಳೋದು ಇವ್ರೇ, ತುಂಬಾ ಗೌರವದ ಕೆಲಸ, ಅದನ್ನ ನರ್ಸಿಂಗ್ ಅಂತ ಹೇಳಿ ಮಾರೋದು ಮಾತ್ರ ಮೋಸ.

ಜಿಎನ್ಎಂ ಕಾಲೇಜು ನೋಡೋವಾಗ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಪಟ್ಟೀಲಿ ಹೆಸ್ರಿದ್ಯಾ ಚೆಕ್ ಮಾಡಿ, ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡಲ್ಲಿ ಕೆಲಸ ಕಲಿಯೋದು) ಯಾವ ಆಸ್ಪತ್ರೇಲಿ ಅಂತ ಕೇಳಿ, ಆ ವಾರ್ಡ್‌ಗೇ ಹೋಗಿ ಈಗ ಓದ್ತಿರೋ ಹುಡುಗೀರ ಹತ್ರ ಮಾತಾಡಿ ಸರ್.