ಓದುಗರ ಪ್ರಶ್ನೆ: ಟ್ರಂಪೆಟ್ ಕಲಿಯುವ ಮಕ್ಕಳ ತುಟಿ, ಉಸಿರು, ಶ್ರುತಿ

ಪ್ರಶ್ನೆ: ನನ್ನ 11 ವರ್ಷದ ಮಗ ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಾನೆ. ಗಣರಾಜ್ಯೋತ್ಸವದ ಕವಾಯತಿಗೆಂದು ಮಕ್ಕಳಿಂದ ಆದಷ್ಟು ಜೋರಾಗಿ ಊದಿಸುತ್ತಾರೆ. ಮನೆಗೆ ಬರುವಾಗ ಅವನ ತುಟಿ ಬಾತಿರುತ್ತದೆ. ಸರಳೆ ವರಸೆ ನುಡಿಸು ಎಂದರೆ ಎರಡನೆಯ ಸ್ವರವೇ ಅಪಶ್ರುತಿಯಾಗುತ್ತದೆ. ಅವನಿಗೆ ಸ್ವರಜ್ಞಾನವಿಲ್ಲವೇ?
– ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಮಗನನ್ನು ಸಂಶಯಿಸುವ ಮುನ್ನ ದಯವಿಟ್ಟು ವಾದ್ಯವನ್ನು ನೋಡಿ. ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಒತ್ತದೆ ಬರುವ ಕೆಳಗಿನ ಸ್ವರವನ್ನು ಷಡ್ಜವಾಗಿಟ್ಟುಕೊಂಡರೆ, ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳದ ಎರಡನೆಯ ಸ್ವರ, ಅಂದರೆ ಶುದ್ಧ ರಿಷಭ, ಮೂರೂ ವಾಲ್ವುಗಳನ್ನು ಒಟ್ಟಿಗೆ ಒತ್ತಿದಾಗ ಬರುತ್ತದೆ. ಒತ್ತಿದ ಪ್ರತಿ ವಾಲ್ವೂ ಉಸಿರಿನ ದಾರಿಗೆ ಒಂದು ಕೊಳವೆಯನ್ನು ಸೇರಿಸುತ್ತದೆ; ಆದರೆ ಆಗ ಮೂರು ಕೊಳವೆಗಳ ಒಟ್ಟು ಉದ್ದವೂ ಅಗತ್ಯಕ್ಕಿಂತ ಸ್ವಲ್ಪ ಕಡಿಮೆಯೇ ಆಗುವುದರಿಂದ ಸ್ವರ ಏರಿಬಿಡುತ್ತದೆ. ಮೂರನೆಯ ವಾಲ್ವಿನ ಸ್ಲೈಡನ್ನು (ಜಾರುವ ಕೊಳವೆಯನ್ನು) ಎಡಗೈ ಬೆರಳಿನಿಂದ ಹೊರಕ್ಕೆ ಸರಿಸಲು ಕಲಿಸಿದರೆ ರಿಷಭ ತನ್ನ ಜಾಗಕ್ಕೆ ಬರುತ್ತದೆ. ಆ ರಿಷಭ ತಮ್ಮ ಮಗನ ತಪ್ಪಲ್ಲ.

ತುಟಿಯ ವಿಷಯ ಇದಕ್ಕಿಂತ ಗಂಭೀರ. ಮೌತ್‌ಪೀಸಿನ ಗುರುತು ಸ್ವಲ್ಪ ಹೊತ್ತು ಉಳಿಯುವುದು ಸಹಜ, ಬಾವು ಸಹಜವಲ್ಲ. ಉಸಿರು ಸಾಲದಾದಾಗ, ಅದರಲ್ಲೂ ಮೇಲಿನ ಸ್ವರಗಳಿಗೆ, ಮಗು ವಾದ್ಯವನ್ನು ತುಟಿಗೆ ಒತ್ತಿ ಹಿಡಿಯುತ್ತದೆ; ಒತ್ತಿದಷ್ಟೂ ತುಟಿಯ ಕಂಪನ ನಿಂತು ನಾದ ಕರ್ಕಶವಾಗುತ್ತದೆ. ಆದ್ದರಿಂದ ಭುಜ ಎತ್ತದೆ, ಪಕ್ಕೆ ಅಗಲಿಸಿ ಉಸಿರೆಳೆದು, ನಡುಸ್ಥಾಯಿಯಲ್ಲಿ ಮೆಲುದನಿಯ ದೀರ್ಘ ಸ್ವರಗಳನ್ನು ನುಡಿಸುವುದೇ ದಿನದ ಮೊದಲ ಅಭ್ಯಾಸವಾಗಲಿ, ನುಡಿಸಿದಷ್ಟೇ ಹೊತ್ತು ವಿಶ್ರಾಂತಿಯೂ ಇರಲಿ. ಬಾವು ಇಳಿಯುವವರೆಗೆ ವಾದ್ಯ ಮುಟ್ಟಬೇಡಿ.

ತಾವು ಸಂಗೀತ ಬಲ್ಲವರೆಂದು ಪತ್ರದಿಂದ ತಿಳಿಯುತ್ತದೆ. ಅದು ಮಗನ ಭಾಗ್ಯ. ಟ್ರಂಪೆಟ್ಟಿನಲ್ಲಿ ಒಂದೂ ವಾಲ್ವ್ ಒತ್ತದೆ ಷಡ್ಜ, ಪಂಚಮ, ತಾರಷಡ್ಜ ಮೂರೂ ಬರುತ್ತವೆ, ತುಟಿ ಮತ್ತು ಉಸಿರಿನಿಂದಲೇ. ಬಿ ಫ್ಲಾಟ್ ಟ್ರಂಪೆಟ್ಟಾದರೆ ತಂಬೂರಿಯನ್ನು ಆರೂವರೆ ಮನೆ ಶ್ರುತಿಗೆ ಇಟ್ಟು, ಈ ಮೂರು ಸ್ವರಗಳನ್ನು ಅವನು ಮೊದಲು ಬಾಯಲ್ಲಿ ಹಾಡಿ, ತಾಳ ಹಾಕಿ, ಅನಂತರ ಊದಲಿ. ಹಾಡಲಾಗದ ಸ್ವರವನ್ನು ಬೆರಳಿನಿಂದ ಹುಡುಕುವ ಮಗು ಯಾಂತ್ರಿಕವಾಗಿ ನುಡಿಸುತ್ತದೆ. ಹಾಡಿ ನುಡಿಸುವ ಮಗು ತಪ್ಪಿದ್ದನ್ನು ತಾನೇ ಕೇಳಿಸಿಕೊಂಡು ತಿದ್ದಿಕೊಳ್ಳುತ್ತದೆ. ಸರಳೆಗೆ ಆಮೇಲೆ ಬನ್ನಿ.

ಬ್ಯಾಂಡಿನ ಮೇಷ್ಟ್ರ ಬಳಿ ವಿನಯದಿಂದ ಮಾತನಾಡಿ, ಸದ್ಯಕ್ಕೆ ಅವನಿಗೆ ಕೆಳಗಿನ ಸ್ವರಗಳ ಭಾಗ ಕೊಡಲು ಕೇಳಿ. ಬಯಲಿನಲ್ಲಿ ಬ್ಯಾಂಡಿನ ದನಿ ದೂರ ಕೇಳುವುದು ಎಲ್ಲ ಮಕ್ಕಳೂ ಒಂದೇ ಶ್ರುತಿಯಲ್ಲಿ, ಒಟ್ಟಿಗೆ ಸ್ವರ ಎತ್ತಿದಾಗ ಎಂಬುದನ್ನು ಅವರೂ ಒಪ್ಪುತ್ತಾರೆಂದು ನಂಬಿದ್ದೇನೆ.

ಪ್ರಶ್ನೆ: 7 ವರ್ಷದ ಮಗಳಿಗೆ ಮೇಲಿನ ಮುಂಬಲ್ಲುಗಳು ಬಿದ್ದಿವೆ. ಈಗಲೇ ಟ್ರಂಪೆಟ್ ಆರಂಭಿಸಬಹುದೇ?
– ಓದುಗರೊಬ್ಬರು, ಮಧುಗಿರಿ

ಉತ್ತರ: ಬೇಡ. ಮೌತ್‌ಪೀಸಿನ ಅಡಿಯಲ್ಲಿ ತುಟಿಗೆ ಆಧಾರವೇ ಮುಂಬಲ್ಲು. ಹೊಸ ಹಲ್ಲುಗಳು ಸಾಮಾನ್ಯವಾಗಿ 7ರಿಂದ 8ನೇ ವರ್ಷದಲ್ಲಿ ಹುಟ್ಟಿದರೂ ಪೂರ್ತಿ ಬೆಳೆದು ನಿಲ್ಲಲು ಇನ್ನಷ್ಟು ಕಾಲ ಬೇಕು. ಅಲ್ಲಿಯವರೆಗೆ ಹಾಡಿಸಿ, ಆದಿತಾಳ ಹಾಕಿಸಿ. ಟ್ರಂಪೆಟ್ ಕೈಗೆತ್ತಿಕೊಳ್ಳುವ ದಿನ ಆಕೆ ಉಸಿರು ಮತ್ತು ತುಟಿಯ ಕಡೆ ಮಾತ್ರ ಗಮನ ಕೊಟ್ಟರೆ ಸಾಕಾಗುತ್ತದೆ.