ಉದ್ಯೋಗ ಪ್ರಶ್ನೋತ್ತರ: ಮಾಡಿದ ಕೆಲಸ ರೆಸ್ಯೂಮೆಯಲ್ಲಿ ಕಾಣಬೇಕಾದರೆ

ಪ್ರಶ್ನೆ: ಐಟಿಐ ಟರ್ನರ್ ಮುಗಿಸಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಆಮೇಲೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂರು ವರ್ಷ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮೆಷಿನ್) ಆಪರೇಟರ್ ಕೆಲಸ ಮಾಡಿದೆ. ಸಂಬಳ, ಪಿಎಫ್ ಎಲ್ಲ ಕಾಂಟ್ರಾಕ್ಟರ್ ಕಡೆಯಿಂದ. ರೆಸ್ಯೂಮೆಯಲ್ಲಿ ಯಾರ ಹೆಸರು ಹಾಕಲಿ? ‘ಸಿಎನ್‌ಸಿ ಮೆಷಿನ್ ಆಪರೇಟ್ ಮಾಡುವುದು’ ಎಂದು ಒಂದು ಸಾಲು ಬರೆದಿದ್ದೇನೆ, ಎಲ್ಲಿಂದಲೂ ಕರೆ ಬರುತ್ತಿಲ್ಲ. (ತುಮಕೂರಿನ ಓದುಗರು)

ಉತ್ತರ: ಎರಡೂ ಹೆಸರು ಹಾಕಿ, ಕಾಂಟ್ರಾಕ್ಟರ್ ಹೆಸರು ಮೊದಲು. ‘ಇಂಥ ಏಜೆನ್ಸಿ ಮೂಲಕ, ಇಂಥ ಕಾರ್ಖಾನೆ, ಪೀಣ್ಯ, ಬೆಂಗಳೂರು’ ಎಂದರೆ ಸಾಕು. ಕಾರ್ಖಾನೆಯ ಹೆಸರು ದೊಡ್ಡದೆಂದು ಅದೊಂದನ್ನೇ ಬರೆಯುವವರು ಬಹಳ. ಹೊಸ ಕಂಪನಿಯವರು ಪರಿಶೀಲನೆಗೆ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಸೇವಾ ವಿವರ ತೆಗೆದಾಗ ಅಲ್ಲಿ ಕಾಂಟ್ರಾಕ್ಟರ್ ಹೆಸರಷ್ಟೇ ಇರುತ್ತದೆ. ಕಾರ್ಖಾನೆಗೆ ಫೋನ್ ಮಾಡಿದರೆ ‘ನಮ್ಮ ರೋಲ್‌ನಲ್ಲಿ ಇಂಥವರಿಲ್ಲ’ ಎನ್ನುತ್ತಾರೆ. ನಿಜವಾಗಿ ದುಡಿದ ಮೂರು ವರ್ಷ ಸುಳ್ಳಿನಂತೆ ಕಾಣುವುದು ಹೀಗೆ.

ರೆಸ್ಯೂಮೆ ಕಳಿಸುವ ಮೊದಲು ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಸೇರಿದ ದಿನಾಂಕ, ಬಿಟ್ಟ ದಿನಾಂಕ ನೋಡಿಕೊಳ್ಳಿ. ಕಾಂಟ್ರಾಕ್ಟರ್‌ಗಳು ಬಿಟ್ಟ ದಿನಾಂಕ ತುಂಬದೆ ಬಿಡುವುದು ಸಾಮಾನ್ಯ. ಹಾಗಿದ್ದರೆ ನೀವು ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದಂತೆ ದಾಖಲೆ ತೋರಿಸುತ್ತದೆ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ‘ಮಾರ್ಕ್ ಎಕ್ಸಿಟ್’ನಲ್ಲಿ ನೀವೇ ಅದನ್ನು ತುಂಬಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ.

ಅಪ್ರೆಂಟಿಸ್ ವರ್ಷವನ್ನು ನೌಕರಿಯ ಜತೆ ಕೂಡಿಸಿ ‘4 ವರ್ಷ ಅನುಭವ’ ಎನ್ನಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಆ ವರ್ಷ ಪಿಎಫ್ ದಾಖಲೆಯಲ್ಲೂ ಸಿಗುವುದಿಲ್ಲ. ‘3 ವರ್ಷ ಅನುಭವ, 1 ವರ್ಷ ಅಪ್ರೆಂಟಿಸ್’ ಎಂದು ಬೇರೆ ಬೇರೆ ಬರೆದು, ಅಪ್ರೆಂಟಿಸ್ ಪ್ರಮಾಣಪತ್ರ ಇದೆಯೆಂದು ಸೇರಿಸಿ. ಅದರಿಂದ ಬೆಲೆ ಕಡಿಮೆಯಾಗುವುದಿಲ್ಲ.

ಇನ್ನು ಆ ಒಂದು ಸಾಲಿನ ವಿಷಯ. ರೆಸ್ಯೂಮೆ ಓದುವ ಪ್ರೊಡಕ್ಷನ್ ಸೂಪರ್‌ವೈಸರ್‌ಗೆ ತಿಳಿಯಬೇಕಾದದ್ದು ಇಷ್ಟು: ಯಾವ ಮೆಷಿನ್, ಯಾವ ಕಂಟ್ರೋಲ್, ಏನು ಪೀಸ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಯಾವುದರಿಂದ ಅಳೆದಿರಿ, ಪಾಳಿಗೆ ಎಷ್ಟು ತೆಗೆದಿರಿ, ಸೆಟ್ಟಿಂಗ್ ನೀವೇ ಮಾಡುತ್ತಿದ್ದಿರಾ. ಮಾದರಿ ನೋಡಿ:

‘ಫ್ಯಾನಕ್ ಕಂಟ್ರೋಲ್‌ನ 2 ಟರ್ನಿಂಗ್ ಸೆಂಟರ್‌ಗಳಲ್ಲಿ ಶಾಫ್ಟ್ ಮತ್ತು ಬುಷ್ ತಯಾರಿಕೆ, ಪ್ರತಿ ಮೆಷಿನ್‌ನಲ್ಲಿ ಪಾಳಿಗೆ ಸುಮಾರು 180 ಪೀಸ್.
ಇನ್‌ಸರ್ಟ್ ಬದಲಾವಣೆ, ವೇರ್ ಆಫ್‌ಸೆಟ್ ತಿದ್ದುಪಡಿ ಸ್ವಂತವಾಗಿ. ಮೊದಲ ಪೀಸ್‌ಗೆ ಕ್ವಾಲಿಟಿ ವಿಭಾಗದ ಒಪ್ಪಿಗೆ ಪಡೆಯುವುದು.
ಮೈಕ್ರೋಮೀಟರ್, ಬೋರ್ ಗೇಜ್ ಬಳಸಿ 20 ಮೈಕ್ರಾನ್ ಟಾಲರೆನ್ಸ್‌ವರೆಗಿನ ಅಳತೆ.’

ಲೆಕ್ಕ ಇಟ್ಟಿಲ್ಲವೆಂದು ಅಂಕಿ ಬಿಡಬೇಕಾಗಿಲ್ಲ. 8 ಗಂಟೆ ಪಾಳಿ ಎಂದರೆ 480 ನಿಮಿಷ. ಊಟಕ್ಕೆ 30, ಎರಡು ಸಲ ಚಹಾಕ್ಕೆ 20 ಕಳೆದರೆ 430 ಉಳಿಯುತ್ತದೆ. ಲೋಡಿಂಗ್ ಸೇರಿ ಪೀಸಿಗೆ 2.4 ನಿಮಿಷ ಹಿಡಿದರೆ 179 ಬಂತು. ನಿಮ್ಮ ಸೈಕಲ್ ಟೈಮ್ ಹಾಕಿ ಲೆಕ್ಕ ಮಾಡಿ, ‘ಸುಮಾರು’ ಎಂದು ಸೇರಿಸಿ. ಸಂದರ್ಶನದಲ್ಲಿ ಹೇಗೆ ಬಂತೆಂದು ಕೇಳಿದರೆ ಇದೇ ಲೆಕ್ಕ ಹೇಳಿ. ಅದೇ ನಿಮ್ಮ ಅನುಭವಕ್ಕೆ ಸಾಕ್ಷಿ.

ಒಂದು ಎಚ್ಚರಿಕೆ. ಮೆಷಿನ್ ನಡೆಸುವ ಆಪರೇಟರ್, ಅದನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್, ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮರ್ ಮೂರೂ ಬೇರೆ ಬೇರೆ ಹುದ್ದೆ. ಇರುವ ಪ್ರೋಗ್ರಾಮ್‌ನಲ್ಲಿ ಅಂಕಿ ತಿದ್ದಿದ್ದನ್ನು ‘ಪ್ರೋಗ್ರಾಮಿಂಗ್’ ಎಂದು ಬರೆದರೆ, ಟ್ರೇಡ್ ಟೆಸ್ಟಿನಲ್ಲಿ ಡ್ರಾಯಿಂಗ್ ಕೊಟ್ಟು ಜಿ71 ಸೈಕಲ್ (ಒರಟು ಟರ್ನಿಂಗ್‌ನ ಪ್ರೋಗ್ರಾಮ್ ಆದೇಶ) ಬರೆಯಿರಿ ಎನ್ನುತ್ತಾರೆ. ‘ಪ್ರೋಗ್ರಾಮ್ ಎಡಿಟಿಂಗ್ ಗೊತ್ತು’ ಎಂದೇ ಬರೆಯಿರಿ, ಅದೂ ಗೌರವದ ಮಾತೇ.

ಪ್ರಶ್ನೆ: ಆಡಿಟರ್ ಕಚೇರಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ‘ಟ್ಯಾಲಿ, ಜಿಎಸ್‌ಟಿ, ಟಿಡಿಎಸ್‌ನಲ್ಲಿ ಉತ್ತಮ ಜ್ಞಾನ’ ಎಂದು ಬರೆದಿದ್ದೇನೆ. ‘ದಕ್ಷತೆ 40% ಹೆಚ್ಚಿಸಿದೆ’ ಎಂಬಂಥ ಸಾಲು ಹಾಕಿದರೆ ಒಳ್ಳೆಯದೆಂದು ಗೆಳೆಯರು ಹೇಳುತ್ತಾರೆ. ಹಾಕಲೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಹಾಕಬೇಡಿ. ಯಾವುದರ 40, ಮೊದಲು ಎಷ್ಟಿತ್ತು, ಅಳೆದವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದ ಶೇಕಡಾವಾರು ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಬಿದ್ದುಹೋಗುತ್ತದೆ. ‘ಉತ್ತಮ ಜ್ಞಾನ’ವೂ ಬೇಡ. ಜ್ಞಾನ ಉತ್ತಮವೋ ಅಲ್ಲವೋ ಎಂಬುದನ್ನು ಓದುವವರು ತೀರ್ಮಾನಿಸಲಿ, ನೀವು ಕೆಲಸ ತೋರಿಸಿ.

ನಿಮ್ಮ ಕೆಲಸಕ್ಕೆ ತಿಂಗಳ ಗಡುವುಗಳೇ ಅಳತೆಗೋಲು. ತಿಂಗಳ ರಿಟರ್ನ್ ಸಲ್ಲಿಸುವ ಕಕ್ಷಿದಾರರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕದ ಸಾರಾಂಶ) 20ಕ್ಕೆ. ನಡುವೆ 14ಕ್ಕೆ ಜಿಎಸ್‌ಟಿಆರ್-2ಬಿ (ಪೂರೈಕೆದಾರರು ತೋರಿಸಿದ ಇನ್‌ವಾಯ್ಸ್‌ಗಳ ಪಟ್ಟಿ) ಬಂದಾಗ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಇಷ್ಟನ್ನು ಎಷ್ಟು ಮಂದಿಗೆ ಮಾಡುತ್ತೀರಿ? ‘22 ಕಕ್ಷಿದಾರರ ಜಿಎಸ್‌ಟಿಆರ್-1, 3ಬಿ ಪ್ರತಿ ತಿಂಗಳು ಸಿದ್ಧಪಡಿಸುವುದು, 2ಬಿ ತಾಳೆ ನೋಡಿ, ಇನ್‌ವಾಯ್ಸ್ ಬಾರದ ಪೂರೈಕೆದಾರರನ್ನು ಸಂಪರ್ಕಿಸುವುದು’ ಎಂಬ ಸಾಲು ಅರ್ಧ ಪುಟದ ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ. ನಿಮ್ಮ ನಿಜವಾದ ಸಂಖ್ಯೆ ಏಳಾಗಿದ್ದರೆ ಏಳೆಂದೇ ಬರೆಯಿರಿ. ಟಿಡಿಎಸ್ ಆದರೆ ನೀವು ಸಿದ್ಧಪಡಿಸಿದ ಫಾರ್ಮ್ ಹೆಸರಿಸಿ; 2026ರ ಮಾರ್ಚ್‌ವರೆಗಿನ ಅವಧಿಗೆ ಅವು 24ಕ್ಯೂ (ಸಂಬಳ), 26ಕ್ಯೂ (ಇತರ ಪಾವತಿ). ಕಂಪನಿಗಳು ರೆಸ್ಯೂಮೆ ಹುಡುಕುವುದೇ ಇಂಥ ಪದ ಟೈಪ್ ಮಾಡಿ.

ಸಿದ್ಧಪಡಿಸಿದವರು ನೀವೋ, ಸಲ್ಲಿಸಿದವರು ನೀವೋ, ಪರಿಶೀಲಿಸಿದವರು ನೀವೋ ಎಂಬುದು ಕ್ರಿಯಾಪದದಲ್ಲೇ ತಿಳಿಯಬೇಕು. ‘ನೋಡಿಕೊಳ್ಳುತ್ತಿದ್ದೆ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬೇಡ. ‘ಸಗಟು ಬಟ್ಟೆ ವ್ಯಾಪಾರ, 2 ಅಕ್ಕಿ ಗಿರಣಿ, ಆಸ್ಪತ್ರೆ’ ಎಂದು ವಹಿವಾಟಿನ ಬಗೆ ಹೇಳಿದರೆ ಸಾಕು. ಹಳೆಯ ಕಚೇರಿಯ ಗುಟ್ಟು ರೆಸ್ಯೂಮೆಯಲ್ಲಿ ಹಾಕಿದವರನ್ನು ಹೊಸ ಕಚೇರಿ ನಂಬುವುದಿಲ್ಲ.

ಪ್ರಶ್ನೆ: ಖಾಸಗಿ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಕಲಿಸಿದ್ದೆ. ಮಗು ಹುಟ್ಟಿದ ಮೇಲೆ ಆರು ವರ್ಷ ಬಿಡುವು, ಕೊನೆಯ ಮೂರು ವರ್ಷ ಮನೆಯಲ್ಲೇ ಟ್ಯೂಷನ್. ಬಿಡುವನ್ನು ಮುಚ್ಚುವುದು ಹೇಗೆ? (ಶಿವಮೊಗ್ಗದ ಓದುಗರು)

ಉತ್ತರ: ಮುಚ್ಚಬೇಡಿ. ತಿಂಗಳು ಬಿಟ್ಟು ಬರೀ ಇಸವಿ ಬರೆಯುವುದು, ಹಳೆಯ ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಇದ್ದಂತೆ ತೋರಿಸುವುದು, ಇವೆಲ್ಲ ಅನುಭವ ಪತ್ರ ಕೇಳಿದ ದಿನ ಬಯಲಾಗುತ್ತವೆ. ಸೇರಿದ ತಿಂಗಳು, ಬಿಟ್ಟ ತಿಂಗಳು ಬರೆಯಿರಿ. ಮೊದಲ ಮೂರು ವರ್ಷಕ್ಕೆ ‘ಮಗುವಿನ ಪಾಲನೆಗಾಗಿ ಬಿಡುವು’ ಎಂಬ ಒಂದೇ ಸಾಲು ಸಾಕು. ಅದಕ್ಕೆ ಕ್ಷಮೆ ಕೇಳುವ ಧ್ವನಿ ಬೇಕಿಲ್ಲ.

ಟ್ಯೂಷನ್ ಬಿಡುವಲ್ಲ, ಕೆಲಸ. ಅದಕ್ಕೆ ನೌಕರಿಯಂತೆಯೇ ಪ್ರತ್ಯೇಕ ಜಾಗ ಕೊಡಿ: ‘ಸ್ವಂತ ಟ್ಯೂಷನ್, ಗಣಿತ, 8ರಿಂದ 10ನೇ ತರಗತಿ, ರಾಜ್ಯ ಪಠ್ಯಕ್ರಮ, ವರ್ಷಕ್ಕೆ 12ರಿಂದ 15 ಮಕ್ಕಳು, ವಾರಕ್ಕೆ 5 ದಿನ’. ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಎಷ್ಟು ಮಂದಿ ಬರೆದರು, ಗಣಿತದಲ್ಲಿ ಎಷ್ಟು ಮಂದಿ ಪಾಸಾದರು ಎಂದು ಸೇರಿಸಿ. ಶಾಲೆಯ ಒಟ್ಟು ಫಲಿತಾಂಶ ನಿಮ್ಮದೆಂದು ಬರೆಯಬೇಡಿ, ಅದರಲ್ಲಿ ಆರು ವಿಷಯಗಳ ಶಿಕ್ಷಕರ ದುಡಿಮೆ ಇದೆ. ಹಳೆಯ ನಾಲ್ಕು ವರ್ಷದಲ್ಲಿ ಎಷ್ಟು ಸೆಕ್ಷನ್, ವಾರಕ್ಕೆ ಎಷ್ಟು ಪೀರಿಯಡ್, ಕ್ಲಾಸ್ ಟೀಚರ್ ಆಗಿದ್ದಿರಾ ಎಂಬುದನ್ನು ನೆನಪು ಮಾಡಿ ಬರೆಯಿರಿ. ಮುಖ್ಯೋಪಾಧ್ಯಾಯರು ಟೈಮ್‌ಟೇಬಲ್ ಮುಂದಿಟ್ಟುಕೊಂಡೇ ಶಿಕ್ಷಕರನ್ನು ಹುಡುಕುತ್ತಾರೆ.

ಪ್ರಶ್ನೆ: ಹದಿನಾಲ್ಕು ವರ್ಷ, ಆರು ನೌಕರಿ, ನಾಲ್ಕು ಪುಟದ ರೆಸ್ಯೂಮೆ. ಏನು ತೆಗೆಯಲಿ? (ಮೈಸೂರಿನ ಓದುಗರು)

ಉತ್ತರ: ಎರಡು ಪುಟ ಮಾಡಿ. ಇತ್ತೀಚಿನದು ಮೇಲೆ. ಈಗಿನ ಮತ್ತು ಹಿಂದಿನ ನೌಕರಿಗೆ ತಲಾ ನಾಲ್ಕೈದು ಸಾಲು, ಮೂರನೆಯದಕ್ಕೆ ಎರಡು, ಉಳಿದವಕ್ಕೆ ಹುದ್ದೆ, ಸಂಸ್ಥೆ, ಅವಧಿ ಅಷ್ಟೇ. ಒಂದೇ ಕಂಪನಿಯಲ್ಲಿ ಬಡ್ತಿ ಪಡೆದಿದ್ದರೆ ಕಂಪನಿಯ ಹೆಸರನ್ನು ಒಮ್ಮೆ ಬರೆದು ಕೆಳಗೆ ಎರಡೂ ಹುದ್ದೆ ಕೊಡಿ; ಬೇರೆ ಬೇರೆ ಬರೆದರೆ ಕೆಲಸ ಬಿಟ್ಟಂತೆ ಕಾಣುತ್ತದೆ. ತಂದೆಯ ಹೆಸರು, ಧರ್ಮ, ಹವ್ಯಾಸ, ಕೊನೆಯ ಪ್ರಮಾಣವಚನ ತೆಗೆದರೇ ಅರ್ಧ ಪುಟ ಉಳಿಯುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ ರೆಸ್ಯೂಮೆ ಅಲ್ಲಿ ಬರೀ ವಿಚಿತ್ರ ಅಕ್ಷರವಾಗಿ ಕಂಡಿತಂತೆ. ಏಕೆ? (ಕೊಪ್ಪಳದ ಓದುಗರು)

ಉತ್ತರ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ತೆರೆಯುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಪಿಡಿಎಫ್ ಮಾಡಿ. ಒತ್ತಕ್ಷರಗಳು ಪರಿವರ್ತನೆಯಲ್ಲಿ ಕೆಡುವುದುಂಟು, ಒಂದೊಂದೇ ಪದ ಓದಿ ತಿದ್ದಿ. ಇಂಗ್ಲಿಷ್ ರೆಸ್ಯೂಮೆ ಕಳಿಸುವವರೂ ಒಂದು ಪರೀಕ್ಷೆ ಮಾಡಿ: ಪಿಡಿಎಫ್‌ನ ಬರಹವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಎರಡು ಕಾಲಮ್‌ನಲ್ಲಿ ಇಟ್ಟಿದ್ದ ದಿನಾಂಕ ಒಂದು ಕಡೆ, ಕಂಪನಿ ಹೆಸರು ಇನ್ನೊಂದು ಕಡೆ ಚದುರಿ ಬಿದ್ದರೆ, ಉದ್ಯೋಗ ಜಾಲತಾಣದ ತಂತ್ರಾಂಶಕ್ಕೂ ಅದು ಹಾಗೆಯೇ ಸಿಗುವ ಸಾಧ್ಯತೆ ಹೆಚ್ಚು. ಟೇಬಲ್, ಬಾಕ್ಸ್ ತೆಗೆದು ಒಂದೇ ಕಾಲಮ್‌ನಲ್ಲಿ ಬರೆಯಿರಿ. ಫೋನ್ ನಂಬರನ್ನು ಪುಟದ ಹೆಡರ್ ಒಳಗೆ ಇಡಬೇಡಿ, ಹೆಸರಿನ ಕೆಳಗೇ ಇರಲಿ.