ಕಡ್ಡಾಯ ಅಂದರೆ ಯಾರ ಕಡ್ಡಾಯ?

‘ಹಿಂದೂ, ಮುಸ್ಲಿಂ, ಕ್ರೈಸ್ತ ಮದುವೆಗಳ ಕಡ್ಡಾಯ ಪದ್ಧತಿಗಳನ್ನು ಹೋಲಿಸಿ’ ಅಂತ ಅಸೈನ್‌ಮೆಂಟ್, ಕಡ್ಡಾಯ ಅಂದರೆ ಕಾನೂನೋ ಧರ್ಮವೋ, ಯಾವುದು ಸೇಫ್ ಅಂತ ಕೇಳಿದ್ದೀರಿ. ಅಯ್ಯೋ, ಹೆಚ್ಚುಕಡಿಮೆ ಇದೇ ಪ್ರಶ್ನೆ ನನಗೂ ಬಂದಿತ್ತು. ಬಿ.ಎ. ಎರಡನೇ ವರ್ಷ, ಮಂಗಳೂರಿನಲ್ಲಿ. ಇಪ್ಪತ್ತಕ್ಕೆ ಆರು ಕೊಟ್ಟರು.

ನಮ್ಮದು ತುಮಕೂರು ಕಡೆ. ಮದುವೆ ಅಂದರೆ ತಾಳಿ, ಸಪ್ತಪದಿ, ಮುಗೀತು ಅಂದುಕೊಂಡಿದ್ದವನು ನಾನು. ಲೈಬ್ರರಿಯಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಕಣ್ಣಿಗೆ ಬಿತ್ತು. ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಅಂತ ಅಲ್ಲಿದೆ. ‘ಹಿಂದೂಗಳಿಗೆಲ್ಲ ಸಪ್ತಪದಿ ಕಡ್ಡಾಯ’ ಅಂತ ಬರೆದು ಸ್ಕೆಚ್ ಪೆನ್ನಲ್ಲಿ ಎರಡು ಗೆರೆ ಎಳೆದೆ.

ಎಡವಿದ್ದು ಅಲ್ಲೇ. ವಾಕ್ಯದ ಮೊದಲ ತುಂಡನ್ನೇ ನುಂಗಿಬಿಟ್ಟಿದ್ದೆ. ಸೆಕ್ಷನ್ ಹೇಳುವುದು ಇಷ್ಟು: ಹುಡುಗ ಹುಡುಗಿ ಇಬ್ಬರಲ್ಲಿ ಯಾರ ಕಡೆಯ ರೂಢಿಯಂತೆ ಬೇಕಾದರೂ ಮದುವೆ ಮಾಡಬಹುದು; ಆ ರೂಢಿಯಲ್ಲಿ ಸಪ್ತಪದಿ ಇದ್ದರೆ, ಏಳನೇ ಹೆಜ್ಜೆಗೆ ಮದುವೆ ಪೂರ್ಣ. ‘ಇದ್ದರೆ’! ಮೂರೇ ಅಕ್ಷರ. ಇದ್ದರೆ ಅಂದಮೇಲೆ ಇಲ್ಲದೆಯೂ ಇರಬಹುದು, ಅಲ್ವಾ? ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮಮ್ಮ ಮಾಡುವುದೇ ಧರ್ಮ, ಧರ್ಮವೇ ಕಾನೂನು ಅಂತ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದಿದ್ದೆ. ಅದೇ ಜೋರಿನಲ್ಲಿ ಮುಸ್ಲಿಮರಿಗೆ ಸೆಹ್ರಾ (ಮದುಮಗನ ಮುಖದ ಮುಂದೆ ಇಳಿಬಿಡುವ ಹೂವಿನ ಸರ) ಕಡ್ಡಾಯ, ಮಂಗಳೂರಿನ ಕ್ಯಾಥೊಲಿಕರಿಗೆ ರೋಸ್ (ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವುದು) ಕಡ್ಡಾಯ ಅಂತಲೂ ಬರೆದೆ. ನಿಕಾಹ್‌ನಲ್ಲಿ ಇಬ್ಬರ ಒಪ್ಪಿಗೆ, ಸುನ್ನಿಗಳಲ್ಲಾದರೆ ಸಾಕ್ಷಿಗಳೂ. ಚರ್ಚಿನಲ್ಲಿ ಫಾದರ್ ಮುಂದೆ ಇಬ್ಬರೂ ಬಾಯಿಬಿಟ್ಟು ಹೇಳುವ ಒಪ್ಪಿಗೆ. ನಿಜಕ್ಕೂ ಬೇಕಾದ ಇವಕ್ಕೆ ಒಂದೊಂದು ಸಾಲು ಕೊಟ್ಟಿದ್ದೆ ಅಷ್ಟೇ.

ನಮ್ಮ ಮೇಷ್ಟ್ರು ಕರಾವಳಿಯ ಬಂಟ ಸಮುದಾಯದವರು. ಪೇಪರ್ ಕೊಡುವಾಗ ಕನ್ನಡಕ ತೆಗೆದು ಹೇಳಿದರು: “ನಮಗೆ ಗಿಂಡಿಯಲ್ಲಿ ಧಾರೆ ಎರೆದದ್ದು ಮಾರಾಯ. ಏಳು ಹೆಜ್ಜೆ ಯಾರೂ ಇಡಲಿಲ್ಲ. ಹಾಗಾದ್ರೆ ನನ್ನ ಹೆಂಡ್ತಿಗೆ ಈಗ ಏನು ಹೇಳುವುದು?” ಇಡೀ ಕ್ಲಾಸು ನಕ್ಕಿತು.

ಅದಕ್ಕೇ ಹೇಳುತ್ತೇನೆ, ಸೇಫ್ ಅರ್ಥ ಅಂತ ಒಂದಿಲ್ಲ, ಹುಡುಕಲೂ ಬೇಡಿ. ನನ್ನ ಕೇಳಿದರೆ ನಿಮ್ಮ ಪ್ರಶ್ನೆಯಲ್ಲಿ ಜಾಸ್ತಿ ಗೊಂದಲದ ಪದ ‘ಕಡ್ಡಾಯ’ ಅಲ್ಲವೇ ಅಲ್ಲ, ‘ಹಿಂದೂ’. ಅದೇ 1955ರ ಕಾಯ್ದೆ ಜೈನರಿಗೂ ಬೌದ್ಧರಿಗೂ ಸಿಖ್ಖರಿಗೂ ಅನ್ವಯಿಸುತ್ತದೆ. ಸಿಖ್ಖರು ಗುರು ಗ್ರಂಥ ಸಾಹಿಬ್‌ಗೆ ಬರುವುದು ನಾಲ್ಕೇ ಸುತ್ತು. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಯಾವ ಹಿಂದೂ ಮದುವೆಯನ್ನು ಹೋಲಿಸುತ್ತೀರಿ ನೀವು?

‘ಇಲ್ಲಿ ಕಡ್ಡಾಯ ಎಂದರೆ, ಇದಿಲ್ಲದೆ ಮದುವೆ ಊರ್ಜಿತವಲ್ಲ ಎಂದು ತೆಗೆದುಕೊಂಡಿದ್ದೇನೆ’ ಅಂತ ಮೊದಲ ಸಾಲಲ್ಲೇ ಬರೆದು ಮುಂದೆ ಹೋಗಿ. ಸುಮ್ನೆ ಎರಡೂ ಅರ್ಥ ಕಲಸಬೇಡಿ. ಆಮೇಲೆ ಆ 7ನೇ ಸೆಕ್ಷನ್ ನೀವೇ ಓದಿ, ಗೈಡಿನಲ್ಲಲ್ಲ. ಅರ್ಧ ಪುಟವೂ ಇಲ್ಲ.